ಪಾಠಾಂತರವಿಲ್ಲದ ಪಾಠ

ಕರ್ನಾಟಕ ಸಂಗೀತವನ್ನು ಕ್ರಮವಾಗಿ ಕಲಿತವರ ನಡುವೆ ‘ಪಾಠಾಂತರ’, ಅಂದರೆ ಗುರುವಿನಿಂದ ಕೇಳಿ ಕಲಿತು ಇಳಿದುಬಂದ ಪಾಠ, ಎಂಬ ಮಾತಿಗೆ ಇರುವ ತೂಕ ಹೊರಗಿನವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ಯಾರಾದರೂ ಒಂದು ಕೃತಿಯನ್ನು ಸೊಗಸಾಗಿ ಹಾಡಿದರೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಮೊದಲು ವಿಚಾರಿಸುವುದು ಅದು ಯಾರ ಪಾಠಾಂತರ ಎಂದು. ಹೆಸರು ತಿಳಿದ ಮೇಲೆ ‘ಹಾಗೋ, ಸರಿ’ ಎಂದು ತಲೆಯಾಡಿಸಿ ಉಳಿದ ಮಾತಿಗೆ ತೊಡಗುತ್ತಾರೆ. ನಾನು ಮೈಸೂರಿನಲ್ಲಿ ಪಿಟೀಲು ಕಲಿತದ್ದು ಈ ಕ್ರಮದಲ್ಲಿಯೇ. ನಮ್ಮ ಮೇಷ್ಟ್ರು ಒಂದು ಸಾಲನ್ನು ನುಡಿಸುತ್ತಿದ್ದರು, ನಾನು ಅದನ್ನು ಮೂರು ಸಲ ನುಡಿಸುತ್ತಿದ್ದೆ, ಮೂರನೆಯ ಸಲವೂ ಗಮಕ, ಅಂದರೆ ಸ್ವರದ ಓಲಾಟ, ಕೂಡಿಬಾರದಿದ್ದರೆ ಅವರು ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ತಂತಿಯುದ್ದಕ್ಕೂ ಜಾರಿಸಿ ತೋರಿಸುತ್ತಿದ್ದರು. ಪುಸ್ತಕವನ್ನು ತೆರೆದಿಟ್ಟುಕೊಂಡು ಪಾಠಕ್ಕೆ ಕೂರುವುದನ್ನು ಅವರು ಸಹಿಸುತ್ತಿರಲಿಲ್ಲ. ಬರೆದುಕೊಳ್ಳುವುದಿದ್ದರೆ ಮನೆಗೆ ಹೋಗಿ ಬರೆದುಕೊಳ್ಳಬೇಕು, ಅದೂ ನೆನಪಿಗೆ ಆಸರೆಯಾಗಿ ಮಾತ್ರ. ಹೀಗೆ ಹನ್ನೆರಡು ವರ್ಷಗಳ ಕಾಲ ನಾನು ನುಡಿಸಿದ ಪ್ರತಿಯೊಂದು ಸ್ವರವನ್ನೂ, ನನಗಿಂತ ಮೊದಲು ಇನ್ನೊಬ್ಬರು ನುಡಿಸಿದ್ದನ್ನು ಕಿವಿಯಾರೆ ಕೇಳಿಯೇ ನುಡಿಸಿದೆ.

ಮೂವತ್ತು ದಾಟಿದ ಮೇಲೆ, ಕುತೂಹಲಕ್ಕೆಂದೇ ಒಬ್ಬ ಪಿಯಾನೊ ಶಿಕ್ಷಕಿಯ ಬಳಿ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿತೆ. ಅದು ಹೇಗೋ ಬೆಂಗಳೂರಿನ ಕೆಲವು ಯುವ ಸಂಯೋಜಕರಿಗೆ ತಿಳಿದು, ಹೊಸದಾಗಿ ಬರೆದ ತಮ್ಮ ರಚನೆಗಳನ್ನು ನುಡಿಸಲು ಕರೆಯತೊಡಗಿದರು. ಮೊದಲನೆಯದು ಪಿಟೀಲು ಮತ್ತು ಚೆಲ್ಲೊಗಳಿಗಾಗಿ ಬರೆದ ಒಂಬತ್ತು ನಿಮಿಷದ ರಚನೆ. ಹಾಳೆಗಳು ಕೈಗೆ ಬಂದ ದಿನವೇ ನಾನು ಸಂಯೋಜಕನನ್ನು ಕೇಳಿದ್ದು, ‘ಇದರ ರೆಕಾರ್ಡಿಂಗ್ ಇದ್ದರೆ ಕಳಿಸಪ್ಪ’ ಎಂದು. ಯಾರೂ ಇದುವರೆಗೆ ನುಡಿಸದ ರಚನೆಗೆ ರೆಕಾರ್ಡಿಂಗ್ ಎಲ್ಲಿಂದ ಬರಬೇಕು? ಆತ ಸೌಜನ್ಯದಿಂದ ಕಂಪ್ಯೂಟರ್ ತಾನಾಗಿ ನುಡಿಸಿದ ಧ್ವನಿಯೊಂದನ್ನು ಕಳಿಸಿದ. ನಾನು ಅದನ್ನೇ ಗುರುಮುಖವೆಂದು ಬಗೆದು ಎರಡು ವಾರ ಕೂತು ಅಭ್ಯಾಸ ಮಾಡಿದೆ. ಮೊದಲ ತಾಲೀಮಿನ ದಿನ, ಕೆಳಗಿನಿಂದ ಮೇಲಕ್ಕೆ ಎಳೆದ ಗೆರೆಯೊಂದು ಬಂದಾಗ ನಾನು ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ನುಡಿಸಿದೆನಂತೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ಅದು ಜಾರು. ಕಂಪ್ಯೂಟರಿಗೆ ಜಾರಲು ಬರುವುದಿಲ್ಲ. ನಿಮಗೆ ಬರುತ್ತದಲ್ಲ?’ ಎಂದ. ಹುಟ್ಟಿದಾಗಿನಿಂದ ಜಾರುವುದನ್ನೇ ಕಸುಬು ಮಾಡಿಕೊಂಡವನಿಗೆ ಈ ಮಾತು ಕೇಳಬೇಕಾಗಿ ಬಂತು.

ಹೀಗೆ ಮೊದಲ ಸಲ ನುಡಿಸಬೇಕಾಗಿ ಬಂದವರು ಬೇರೆ ಬೇರೆ ಕಾಲದಲ್ಲಿ ಏನು ಮಾಡಿದರು ಎಂಬುದನ್ನು ಓದತೊಡಗಿದ್ದು ಆ ಅವಮಾನದ ನಂತರವೇ. ಓದುತ್ತಾ ಹೋದಂತೆ ಒಬ್ಬ ಪಿಟೀಲುವಾದಕರ ಬದುಕು ನನ್ನನ್ನು ಹಿಡಿದು ನಿಲ್ಲಿಸಿತು. ಅವರು ಲೂಯಿ ಕ್ರಾಸ್ನರ್. 1903ರಲ್ಲಿ ಉಕ್ರೇನಿನ ಚೆರ್ಕಾಸಿಯಲ್ಲಿ ಹುಟ್ಟಿ, ಐದು ವರ್ಷದ ಬಾಲಕನಾಗಿ ಅಮೆರಿಕಕ್ಕೆ ಬಂದವರು. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿ, ಯೂರೋಪಿಗೆ ಹೋಗಿ ಕಾರ್ಲ್ ಫ್ಲೆಶ್, ಲೂಸಿಯನ್ ಕಾಪೆ, ಒಟಕಾರ್ ಶೆವ್ಚಿಕ್ ಅವರಂಥ ಮಹಾ ಶಿಕ್ಷಕರ ಬಳಿ ಕಲಿತವರು. ಶೆವ್ಚಿಕ್ ಅವರ ಅಭ್ಯಾಸ ಪುಸ್ತಕಗಳು ನಮ್ಮಲ್ಲಿಯೂ ಪಾಶ್ಚಾತ್ಯ ಪಿಟೀಲು ಕಲಿಯುವವರ ಚೀಲದಲ್ಲಿ ಇರುತ್ತವೆ. ಇಂಥ ಪಾಠ ಆದವರು ಬೀಥೋವನ್, ಬ್ರಾಮ್ಸ್, ಚೈಕೋವ್‌ಸ್ಕಿಗಳನ್ನು ನುಡಿಸುತ್ತಾ ನೆಮ್ಮದಿಯಾಗಿ ಕಚೇರಿ ಮಾಡಿಕೊಂಡಿರಬಹುದಿತ್ತು. ಆದರೆ ಕ್ರಾಸ್ನರ್ ಅವರು 1935ರಲ್ಲಿ ವಿಯೆನ್ನಾದ ಸಂಯೋಜಕ ಆಲ್ಬನ್ ಬೆರ್ಗ್ ಅವರ ಬಳಿ ಹೋಗಿ ತಮಗಾಗಿ ಒಂದು ಕಂಚೆರ್ಟೊ, ಅಂದರೆ ವಾದ್ಯವೃಂದದೊಡನೆ ಒಂಟಿ ಪಿಟೀಲು ನುಡಿಸುವ ರಚನೆ, ಬರೆದುಕೊಡುವಂತೆ ಕೇಳಿದರು. ಸಂಭಾವನೆ 1,500 ಡಾಲರ್.

ಬೆರ್ಗ್ ಆಗ ‘ಲುಲು’ ಎಂಬ ಗೀತನಾಟಕದಲ್ಲಿ ಮುಳುಗಿದ್ದರು, ಅದನ್ನು ಬಿಟ್ಟು ಬೇರೆ ಕೆಲಸ ಹಿಡಿಯಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಹಿಟ್ಲರನ ಆಡಳಿತ ಬಂದ ಮೇಲೆ ಜರ್ಮನಿಯಲ್ಲಿ ಅವರ ಕೃತಿಗಳ ಪ್ರದರ್ಶನ ನಿಂತುಹೋಗಿ, ಅಲ್ಲಿಂದ ಬರುತ್ತಿದ್ದ ಆದಾಯವೂ ನಿಂತಿತ್ತು; ಹಣ ಬೇಕಾಗಿತ್ತು. ಹಣದ ಜೊತೆಗೆ ಕ್ರಾಸ್ನರ್ ಒಂದು ವಾದವನ್ನೂ ಮುಂದಿಟ್ಟರು: ಸಂಯೋಜಕ ಷೋನ್‌ಬರ್ಗ್ ಕಂಡುಕೊಂಡ, ಹನ್ನೆರಡು ಸ್ವರಗಳನ್ನೂ ಗೊತ್ತುಮಾಡಿದ ಒಂದು ಸಾಲಿನಲ್ಲಿ ಜೋಡಿಸಿ ಬಳಸುವ ಪದ್ಧತಿಯಲ್ಲಿ ಬರೀ ಲೆಕ್ಕಾಚಾರವಿದೆ, ಭಾವವಿಲ್ಲ ಎಂದು ಜನ ದೂರುತ್ತಾರೆ, ಭಾವವೇ ಪ್ರಾಣವಾದ ಪಿಟೀಲಿಗೆ ಆ ಪದ್ಧತಿಯಲ್ಲಿ ನೀವು ಬರೆದರೆ ಆ ಬಾಯಿ ಮುಚ್ಚುತ್ತದೆ. ಈ ವಾದವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಏಕೆಂದರೆ ಅದು ಒಬ್ಬ ಮೇಷ್ಟ್ರು ಮೊಂಡು ವಿದ್ಯಾರ್ಥಿಯನ್ನು ಒಲಿಸುವ ವರಸೆ. ಕ್ರಾಸ್ನರ್ ಅವರಿಗೆ ಆಗಿನ್ನೂ ಮೂವತ್ತೆರಡು ತುಂಬಿರಲಿಲ್ಲ.

ಹೊಸ ಸಂಗೀತ ಹುಟ್ಟಬೇಕಾದರೆ ಯಾರಾದರೂ ಜೇಬಿಗೆ ಕೈಹಾಕಲೇಬೇಕು ಎಂಬ ಮಾತು ಬಂದಾಗ ಮೈಸೂರಿನವನಾದ ನಾನು ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, ಆ ಕಚೇರಿಗೆ ಹಣದ ಆಸರೆಯಾಗಿ ನಿಂತವರು ನಮ್ಮ ಜಯಚಾಮರಾಜ ಒಡೆಯರ್. ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವಂತಾದದ್ದೂ ಒಡೆಯರ ನೆರವಿನಿಂದಲೇ. ಆದರೆ ಅವರು ಅರಸರು. ಕ್ರಾಸ್ನರ್ ಕಮಾನು ಎಳೆದು ಬದುಕುತ್ತಿದ್ದ ಮನುಷ್ಯ. ತಾನು ನುಡಿಸಬೇಕಾದ ಸಂಗೀತಕ್ಕೆ ತಾನೇ ಹಣ ಕೊಟ್ಟವರು.

ಬೆರ್ಗ್ ಒಪ್ಪಿದ ಮೇಲೆ ನಡೆದದ್ದು ನನಗೆ ತುಂಬ ಇಷ್ಟವಾದ ಪ್ರಸಂಗ. ಅವರು ಕ್ರಾಸ್ನರ್ ಅವರನ್ನು ಮನೆಗೆ ಕರೆಸಿಕೊಂಡು ಪಿಟೀಲು ನುಡಿಸುವಂತೆ ಕೇಳಿದರು. ಯಾವುದೇ ಪ್ರಸಿದ್ಧ ಕಂಚೆರ್ಟೊ ಬೇಡ, ಸುಮ್ಮನೆ ಮನಸ್ಸಿಗೆ ಬಂದದ್ದನ್ನು ನುಡಿಸಿ ಎಂದರು. ಕ್ರಾಸ್ನರ್ ಗಂಟೆಗಟ್ಟಲೆ ಹಾಗೆಯೇ ನುಡಿಸುತ್ತಾ ಹೋದರು, ಬೆರ್ಗ್ ಆಚೀಚೆ ಓಡಾಡುತ್ತಾ ಕೇಳಿಸಿಕೊಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರು ಕೃತಿಯನ್ನು ಕೇಳಲಿಲ್ಲ, ಆಲಾಪನೆಯನ್ನು ಕೇಳಿದರು. ಆ ಕೈಗೆ ಯಾವುದು ಸಹಜ, ಆ ಕಮಾನು ತಾನಾಗಿ ಯಾವ ಕಡೆ ತಿರುಗುತ್ತದೆ ಎಂಬುದನ್ನು ಗಮನಿಸಿದರು. ಹೊಸಬರು ಪಾಠಕ್ಕೆ ಸೇರಲು ಬಂದಾಗ ನಾನೂ ಈಗ ಹೀಗೆಯೇ ಮಾಡುತ್ತೇನೆ. ಮೊದಲ ದಿನವೇ ‘ವರ್ಣ ನುಡಿಸಿ’ ಎಂದರೆ ಅವರ ಹಿಂದಿನ ಮೇಷ್ಟ್ರು ಮಾತ್ರ ಕೇಳಿಸುತ್ತಾರೆ. ಏನಾದರೂ ನುಡಿಸು ಎಂದಾಗ ಕೆಲವರು ಸಿನಿಮಾ ಹಾಡು ಹಿಡಿಯುತ್ತಾರೆ, ಕೆಲವರು ಬಿರಡೆ ತಿರುಗಿಸುತ್ತಾ ಹೊತ್ತು ಕಳೆಯುತ್ತಾರೆ, ಒಬ್ಬ ಹುಡುಗನಂತೂ ಐದು ನಿಮಿಷ ಬರೀ ಷಡ್ಜವನ್ನೇ ಎಳೆದ. ಅವನ ಕಮಾನು ಎಷ್ಟು ಚೆನ್ನಾಗಿದೆಯೆಂದು ಗೊತ್ತಾದದ್ದು ಆಗಲೇ.

ಬೆರ್ಗ್ ಬರೆದ ಕಂಚೆರ್ಟೊ ಆರಂಭವಾಗುವ ರೀತಿಯನ್ನು ಕೇಳಿದ ಯಾವ ಪಿಟೀಲುಗಾರನೂ ಮರೆಯಲಾರ. ಹಾರ್ಪ್ ಮತ್ತು ಕ್ಲಾರಿನೆಟ್‌ಗಳು ಮೆಲ್ಲಗೆ ಏರಿ ಇಳಿದ ಮೇಲೆ, ಪಿಟೀಲು ಬೆರಳನ್ನೇ ಒತ್ತದೆ ನಾಲ್ಕು ಬಿಡಿ ತಂತಿಗಳ ಮೇಲೆ ಕಮಾನು ಹರಿಸಿ ಜಿ, ಡಿ, ಎ, ಇ ಎಂದು ಏರಿ ಮತ್ತೆ ಇಳಿಯುತ್ತದೆ. ಪಿಟೀಲನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ಮಗು ಮಾಡುವುದು ಇದನ್ನೇ. ಬೆರ್ಗ್ ಆರಿಸಿಕೊಂಡ ಹನ್ನೆರಡು ಸ್ವರಗಳ ಸಾಲಿನಲ್ಲಿ ಒಂದು, ಮೂರು, ಐದು ಮತ್ತು ಏಳನೆಯ ಸ್ಥಾನಗಳಲ್ಲಿ ಈ ನಾಲ್ಕು ತಂತಿಗಳ ಸ್ವರಗಳೇ ಕುಳಿತಿವೆ. ಅದನ್ನು ನನ್ನ ಪಿಟೀಲಿನಲ್ಲಿ ನುಡಿಸಿ ನೋಡೋಣವೆಂದು ಒಂದು ರಾತ್ರಿ ಕೂತೆ. ನಮ್ಮ ಪಿಟೀಲಿನ ಶ್ರುತಿ ಸ-ಪ-ಸ-ಪ. ಅಲ್ಲಿಯದು ಒಂದೊಂದು ತಂತಿಯಿಂದ ಮುಂದಿನದಕ್ಕೆ ಪಂಚಮದ ಅಂತರ. ಮೇಲಿನ ತಂತಿಯನ್ನು ಬಹಳ ಏರಿಸಬೇಕಾಯಿತು. ಬಿರಡೆಯನ್ನು ಇನ್ನೊಂದು ಎಳೆ ತಿರುಗಿಸುವಷ್ಟರಲ್ಲಿ ತಂತಿ ಕಡಿದು ಮಣಿಕಟ್ಟಿಗೆ ಚುರಕ್ ಎಂದು ಬಡಿಯಿತು. ಹೊಸ ತಂತಿ ಕಟ್ಟಿ, ಮರುದಿನದವರೆಗೆ ಅದು ಹೊಂದಿಕೊಳ್ಳಲು ಬಿಟ್ಟು, ಆಮೇಲೆ ನುಡಿಸಿದೆ. ಹದಿನೈದು ಸೆಕೆಂಡಿನ ಸಂಗೀತ; ನಡುವೆ ಒಂದು ತಪ್ಪೂ ಆಗುವ ಹಾಗಿಲ್ಲ, ಆದರೂ ಕೈ ನಡುಗಿತು.

ಆ ಸಾಲಿನ ಕೊನೆಯ ನಾಲ್ಕು ಸ್ವರಗಳದು ಇನ್ನೊಂದು ಕಥೆ. ಬಿ, ಸಿ ಶಾರ್ಪ್, ಇ ಫ್ಲಾಟ್, ಎಫ್: ಒಂದೊಂದರ ನಡುವೆಯೂ ಒಂದೊಂದು ಪೂರ್ಣ ಸ್ವರದ ಅಂತರ. ಬಾಖ್ ತಮ್ಮ ಕ್ಯಾಂಟಾಟಾ ಎಂಬ ಗಾಯನ ಕೃತಿಯೊಂದರಲ್ಲಿ ಅಳವಡಿಸಿದ್ದ, ‘ಸಾಕು’ ಎಂಬ ಅರ್ಥದ ಮಾತಿನಿಂದ ಆರಂಭವಾಗುವ ಪ್ರಾರ್ಥನಾ ಗೀತೆಯ ಮೊದಲ ನಾಲ್ಕು ಸ್ವರಗಳೂ ಇದೇ ಅಂತರದವು. ಬೆರ್ಗ್ ಕಂಚೆರ್ಟೊದ ಕೊನೆಯ ಭಾಗದಲ್ಲಿ ಆ ಗೀತೆಯನ್ನೇ ತಂದಿದ್ದಾರೆ. ಮೊದಲನೆಯ ಸ್ವರವನ್ನು ಷಡ್ಜವೆಂದು ಹಿಡಿದರೆ ಮುಂದಿನವು ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ. ಅಂದರೆ ನಮ್ಮ ಕಿವಿಗೆ ಅದು ಕಲ್ಯಾಣಿಯ ಹೊಸ್ತಿಲು. ಅದು ಕಲ್ಯಾಣಿಯಲ್ಲ ಎಂಬುದನ್ನು ನಾನು ಬಲ್ಲೆ. ಗಮಕವಿಲ್ಲದ, ಪಂಚಮಕ್ಕೆ ಹೋಗಿ ನಿಲ್ಲದ ನಾಲ್ಕು ಸ್ವರಗಳನ್ನು ಹಿಡಿದು ರಾಗದ ಹೆಸರು ಹೇಳುವುದು ಚೇಷ್ಟೆಯಾದೀತು. ಆದರೂ ಪರಊರಿನ ಬಸ್ ನಿಲ್ದಾಣದಲ್ಲಿ ಯಾರೋ ಕನ್ನಡದಲ್ಲಿ ಮಾತಾಡಿದ್ದು ಕೇಳಿ ತಿರುಗಿ ನೋಡುವ ಹಾಗೆ, ಪ್ರತಿ ಸಲವೂ ಆ ಜಾಗ ಬಂದಾಗ ನನ್ನ ಕಿವಿ ತಿರುಗುತ್ತದೆ.

1935ರ ಏಪ್ರಿಲ್ 22ರಂದು ಮ್ಯಾನನ್ ಗ್ರೋಪಿಯಸ್ ಎಂಬ ಹದಿನೆಂಟರ ಹುಡುಗಿ ಪೋಲಿಯೊದಿಂದ ತೀರಿಕೊಂಡಳು. ಅವಳು ಬೆರ್ಗ್ ದಂಪತಿಗಳ ಆಪ್ತೆ ಆಲ್ಮಾ ಮಾಲರ್ ಅವರ ಮಗಳು. ನಿಧಾನಿಯಾದ ಬೆರ್ಗ್ ಅವಳ ನೆನಪಿಗೆ ಕಂಚೆರ್ಟೊವನ್ನು ಮೀಸಲಿಟ್ಟು, ವೋರ್ಟರ್ ಸರೋವರದ ದಂಡೆಯ ಮನೆಯಲ್ಲಿ ಕುಳಿತು ಆಗಸ್ಟ್ 11ಕ್ಕೆ ಮುಗಿಸಿದರು. ಬ್ರಾಮ್ಸ್ ತಮ್ಮ ಪಿಟೀಲು ಕಂಚೆರ್ಟೊವನ್ನು ಬರೆದದ್ದೂ ಅದೇ ಸರೋವರದ ಎದುರು ದಂಡೆಯಲ್ಲಿ. ಆ ಬೇಸಿಗೆಯಲ್ಲಿ ಕೀಟ ಕಚ್ಚಿ ಆದ ಹುಣ್ಣು ವಾಸಿಯಾಗದೆ ನಂಜೇರಿ, ಬೆರ್ಗ್ ಡಿಸೆಂಬರ್ 24ರಂದು ತಮ್ಮ ಐವತ್ತನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ವಾದ್ಯವೃಂದದೊಡನೆ ತಮ್ಮ ಕಂಚೆರ್ಟೊ ಹೇಗೆ ಕೇಳುತ್ತದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಕ್ರಾಸ್ನರ್ ಅವರ ಕೈಯಲ್ಲಿ ಹಾಳೆಗಳು ಉಳಿದವು. ಇಲ್ಲಿ ಸರಿಯೇ, ಅಲ್ಲಿ ತಪ್ಪೇ ಎಂದು ಕೇಳಲು ಬರೆದವರೇ ಇರಲಿಲ್ಲ.

1936ರ ಏಪ್ರಿಲ್ 19ರಂದು ಬಾರ್ಸಿಲೋನಾದಲ್ಲಿ ಮೊದಲ ಪ್ರದರ್ಶನ. ಬೆರ್ಗ್ ಅವರ ಗೆಳೆಯ ಆಂಟನ್ ವೇಬರ್ನ್ ನಿರ್ದೇಶಿಸಬೇಕಾಗಿತ್ತು. ಆದರೆ ಅವರು ಪ್ರತಿಯೊಂದು ಸ್ವರವನ್ನೂ ತಿದ್ದುತ್ತಾ ತಾಲೀಮಿನ ಹೊತ್ತೆಲ್ಲ ಮೊದಲ ಪುಟಗಳಲ್ಲಿಯೇ ಕಳೆದುಹೋಯಿತು. ಗೆಳೆಯನ ಸಾವಿನ ದುಃಖವೂ ಸೇರಿ ಕೊನೆಗೆ ಕೈಚೆಲ್ಲಿದರು. ಹರ್ಮನ್ ಶೆರ್ಹೆನ್ ಕಡೇ ಗಳಿಗೆಯಲ್ಲಿ ಹೊಣೆ ಹೊತ್ತು ಕಚೇರಿಯನ್ನು ದಡ ಮುಟ್ಟಿಸಿದರು. ಹನ್ನೆರಡು ದಿನಗಳ ನಂತರ, ಮೇ 1ರಂದು, ಲಂಡನ್ನಿನಲ್ಲಿ ಬಿಬಿಸಿ ವಾದ್ಯವೃಂದದೊಡನೆ ಅದೇ ವೇಬರ್ನ್ ನಿರ್ದೇಶನದಲ್ಲಿ ಅದೇ ಕ್ರಾಸ್ನರ್ ನುಡಿಸಿದರು. ಅದರ ಮುದ್ರಿಕೆಯ ತಟ್ಟೆಗಳನ್ನು ಅವರು ದಶಕಗಳ ಕಾಲ ಜೋಪಾನ ಮಾಡಿಟ್ಟಿದ್ದು, ಅವು ಬಹಳ ತಡವಾಗಿ ಜನರ ಕೈಗೆ ಬಂದವು. ಎಣ್ಣೆ ಕಾದಂತೆ ಸಿಡಿಯುವ ಸದ್ದಿನ ಹಿಂದಿನಿಂದ ಕೇಳುವ ಆ ಪಿಟೀಲನ್ನು ನಾನು ಹಲವು ಸಲ ಕೇಳಿದ್ದೇನೆ. ಅದೇ ಮೂಲ ಪಾಠವೆಂದು ಸಾಧಿಸುವ ಆಸೆ ನನಗೂ ಮೊದಲು ಇತ್ತು. ಆದರೆ ಮುಂದೆ ವಿದ್ವಾಂಸರು ಬೆರ್ಗ್ ಅವರ ಹಸ್ತಪ್ರತಿಯೊಡನೆ ತಾಳೆ ನೋಡಿ ಅಚ್ಚಾದ ಪ್ರತಿಯಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಪಾಠಾಂತರ ಎನ್ನುವುದು ಪ್ರತಿಯಿಂದ ಪ್ರತಿಗೆ ಬರುವ ಇಂಥ ವ್ಯತ್ಯಾಸವನ್ನೇ ಅಲ್ಲವೇ?

ಕ್ರಾಸ್ನರ್ ಒಂದು ಸಾಹಸಕ್ಕೆ ನಿಲ್ಲಲಿಲ್ಲ. ಷೋನ್‌ಬರ್ಗ್ ಅವರ ಪಿಟೀಲು ಕಂಚೆರ್ಟೊ 1936ರಲ್ಲಿ ಮುಗಿದಿತ್ತು. ಅದನ್ನು ನುಡಿಸಲು ಆರು ಬೆರಳು ಬೇಕು ಎಂಬ ಮಾತು ಆಗಲೇ ಹುಟ್ಟಿಕೊಂಡಿತ್ತು. ನಾಲ್ಕು ವರ್ಷ ಕಳೆದ ಮೇಲೆ, 1940ರ ಡಿಸೆಂಬರ್ 6ರಂದು, ಸ್ಟೊಕೊವ್‌ಸ್ಕಿ ನಿರ್ದೇಶನದ ಫಿಲಡೆಲ್ಫಿಯಾ ವಾದ್ಯವೃಂದದೊಡನೆ ಅದನ್ನು ಮೊದಲು ನುಡಿಸಿದವರೂ ಕ್ರಾಸ್ನರ್ ಅವರೇ. ಆಮೇಲೆ ಅವರು 1944ರಿಂದ 1949ರವರೆಗೆ ಮಿನಿಯಾಪೊಲಿಸ್ ವಾದ್ಯವೃಂದದ ಮುಖ್ಯ ಪಿಟೀಲುವಾದಕರಾಗಿದ್ದು, 1949ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿದರು. ಕೊನೆಗೆ ತಾವು ಕಲಿತ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿಯೇ ಕಲಿಸಿದರು. 1995ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂದು. ಇಂಥ ಬದುಕನ್ನು ವಿವರಿಸುವಾಗ ‘ವೇದಿಕೆ ಬಿಟ್ಟು ಪಾಠಕ್ಕೆ ಸರಿದರು’ ಎಂದು ಬರೆಯುವ ರೂಢಿಯಿದೆ. ಈ ‘ಸರಿದರು’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ, ಅದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆಯೆನ್ನಿ. ಯಾರೂ ನುಡಿಸದ ಹಾಳೆಯನ್ನು ಮುಂದಿಟ್ಟುಕೊಂಡು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕುಳಿತದ್ದನ್ನು ಬಲ್ಲವರು ಕೊಠಡಿಯಲ್ಲಿದ್ದರೆ, ವಿದ್ಯಾರ್ಥಿಯ ತಬ್ಬಿಬ್ಬು ಅವರಿಗೆ ದಡ್ಡತನವಾಗಿ ಕಾಣುವುದಿಲ್ಲ.

ಷೋನ್‌ಬರ್ಗ್ ಬಳಗದ ಇನ್ನೊಬ್ಬ ಪಿಟೀಲುವಾದಕ ರುಡಾಲ್ಫ್ ಕೊಲಿಶ್ ಅವರನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬಾಲ್ಯದಲ್ಲಿ ಎಡಗೈಯ ಬೆರಳಿಗೆ ಪೆಟ್ಟಾಗಿ ಅದರ ತುದಿ ಹೋದದ್ದರಿಂದ ಅವರು ಪಿಟೀಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಕಮಾನು ಎಳೆಯುವುದನ್ನು ಕಲಿತರು. ಅಂದರೆ ಕಲಿಸಿದವರು ತೋರಿಸಿದ್ದೆಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡು ಕಲಿತರು. ಅವರ ನಾಲ್ವರ ತಂಡ ಸಂಯೋಜಕ ಬಾರ್ಟೋಕ್ ನಾಲ್ಕು ವಾದ್ಯಗಳಿಗೆ ಬರೆದ ಐದನೆಯ ಕ್ವಾರ್ಟೆಟ್ಟನ್ನು 1935ರಲ್ಲಿ, ಆರನೆಯದನ್ನು 1941ರಲ್ಲಿ ಮೊದಲು ನುಡಿಸಿತು. ತಮ್ಮ ಪಾಲಿನ ಹಾಳೆಯನ್ನಷ್ಟೇ ನೋಡದೆ ನಾಲ್ವರ ಪಾಲೂ ಇರುವ ಪೂರ್ಣ ಪ್ರತಿಯನ್ನು ಮುಂದಿಟ್ಟುಕೊಂಡು ತಾಲೀಮು ಮಾಡಿ, ಕಚೇರಿಯಲ್ಲಿ ಹಾಳೆಯೇ ಇಲ್ಲದೆ ನುಡಿಸುವುದು ಅವರ ಪದ್ಧತಿ. 1944ರಿಂದ 1967ರವರೆಗೆ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನಮ್ಮ ಮೇಷ್ಟ್ರು ಪುಸ್ತಕ ಮುಚ್ಚಿಸುತ್ತಿದ್ದುದಕ್ಕೂ ಕೊಲಿಶ್ ಹಾಳೆ ತೆಗೆದಿಡುತ್ತಿದ್ದುದಕ್ಕೂ ಕಾರಣ ಬೇರೆ ಬೇರೆಯಾದರೂ, ಇಬ್ಬರಿಗೂ ಬೇಕಾಗಿದ್ದುದು ಪಕ್ಕದವರನ್ನು ಕೇಳಿಸಿಕೊಳ್ಳುವ ಕಿವಿ.

ಒಮ್ಮೆ ಇದನ್ನೆಲ್ಲ ಹೇಳುತ್ತಿದ್ದಾಗ ಮೃದಂಗ ನುಡಿಸುವ ಗೆಳೆಯನೊಬ್ಬ ತಡೆದು, ‘ಪಕ್ಕವಾದ್ಯದ ಪಿಟೀಲಿನವರಿಗೆ ಮುಂದಿನ ಗಳಿಗೆಯಲ್ಲಿ ಗಾಯಕರು ಏನು ಹಾಡುತ್ತಾರೆಂದು ಗೊತ್ತಿರುತ್ತದೆಯೇ? ದಿನವೂ ಹೊಸದನ್ನೇ ನುಡಿಸುವವರಿಗೆ ಇದೇನು ದೊಡ್ಡ ವಿಷಯ?’ ಎಂದ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಗೊತ್ತಿಲ್ಲದ ಪಲ್ಲವಿಯೊಂದಕ್ಕೆ ಕೂತಾಗ ಎದೆ ಹೊಡೆದುಕೊಳ್ಳುವುದನ್ನು ನಾನೂ ಅನುಭವಿಸಿದ್ದೇನೆ. ಆದರೆ ಅಲ್ಲಿ ಕಾಲಿನ ಕೆಳಗೆ ರಾಗವಿರುತ್ತದೆ, ತಾಳವಿರುತ್ತದೆ. ಗಾಯಕರು ಎತ್ತ ಹೋದರೂ ತೋಡಿಯ ಎಲ್ಲೆಯೊಳಗೇ ಇರುತ್ತಾರೆ. ಹೊಸ ರಚನೆಯಲ್ಲಿ ಆ ಎಲ್ಲೆ ಎಲ್ಲಿದೆ ಎಂಬುದನ್ನೇ ಹುಡುಕಬೇಕು. ಗೆಳೆಯ ಪೂರ್ತಿಯಾಗಿ ಒಪ್ಪಲಿಲ್ಲ. ನನಗೂ ಪೂರ್ತಿ ಖಾತ್ರಿಯಿಲ್ಲ.

ಈಗ ನನ್ನ ಬಳಿ ಹದಿನೆಂಟು ಮಂದಿ ಕಲಿಯುತ್ತಿದ್ದಾರೆ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣಗಳನ್ನು ನಾನು ಕಲಿತ ಹಾಗೆಯೇ, ನುಡಿಸಿ ತೋರಿಸಿಯೇ ಕಲಿಸುತ್ತೇನೆ. ಅದನ್ನು ಬದಲಿಸುವ ಇರಾದೆ ನನಗಿಲ್ಲ. ತಿಂಗಳಿಗೊಂದು ಶನಿವಾರ ಮಾತ್ರ, ವರ್ಣದವರೆಗೆ ಬಂದವರಿಗೆ ಅವರು ಎಂದೂ ಕೇಳದ ಎಂಟು ಸಾಲುಗಳ ಒಂದು ಹಾಳೆ ಕೊಡುತ್ತೇನೆ. ಕೆಲವನ್ನು ಆ ಬೆಂಗಳೂರಿನ ಸಂಯೋಜಕನೇ ಬರೆದುಕೊಡುತ್ತಾನೆ. ಆ ದಿನ ನನ್ನ ಪಿಟೀಲು ಪೆಟ್ಟಿಗೆಯೊಳಗೇ ಇರುತ್ತದೆ.

ಕಳೆದ ತಿಂಗಳು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು, ‘ಸಾರ್, ಒಂದೇ ಒಂದು ಸಲ ನುಡಿಸಿ ತೋರಿಸಿ’ ಎಂದಳು. ಪೆಟ್ಟಿಗೆಯ ಕಡೆ ಕೈ ಹೋಗಿತ್ತು, ತಡೆದುಕೊಂಡೆ. ಅವಳು ಮುಖ ಸಿಂಡರಿಸಿಕೊಂಡು ಮತ್ತೆ ಶುರು ಮಾಡಿದಳು. ಬಿಡಿ ತಂತಿಯಲ್ಲಿ ನುಡಿಸಬೇಕೆಂದು ನಾನು ಅಂದುಕೊಂಡಿದ್ದ ಸ್ವರವನ್ನು ಅವಳು ಕೆಳಗಿನ ತಂತಿಯಲ್ಲಿ ಕಿರುಬೆರಳಿನಿಂದ ಹಿಡಿದಳು. ಸದ್ದು ಸ್ವಲ್ಪ ಮಂಕಾಯಿತು, ಆದರೆ ಮುಂದಿನ ಜಾರು ಕಮಾನು ಬದಲಿಸದೆಯೇ ಬಂತು. ನಾನು ಮನೆಯಲ್ಲಿ ಎರಡು ದಿನ ಆ ಜಾಗದಲ್ಲಿ ಒದ್ದಾಡಿದ್ದೆ. ಯಾಕೆ ಹಾಗೆ ಹಿಡಿದೆ ಎಂದು ಕೇಳಿದರೆ, ‘ಆ ತಂತಿಯಿಂದ ಈ ತಂತಿಗೆ ಬರೋದು ದೂರ ಆಗುತ್ತೆ ಸಾರ್’ ಎಂದಳು. ಅವಳು ಹೋದ ಮೇಲೆ ನನ್ನ ಪ್ರತಿಯನ್ನು ತೆಗೆದು, ಆ ಸ್ವರದ ಮೇಲೆ ಬಿಡಿ ತಂತಿಯ ಗುರುತಾಗಿ ನಾನು ಮೊದಲೇ ಬರೆದಿದ್ದ ಸೊನ್ನೆಯ ಪಕ್ಕದಲ್ಲಿ, ಕಿರುಬೆರಳಿನ ಗುರುತಾಗಿ ಸೀಸದ ಕಡ್ಡಿಯಿಂದ ನಾಲ್ಕು ಎಂದು ಬರೆದೆ. ಸೊನ್ನೆಯನ್ನು ಅಳಿಸಲಿಲ್ಲ.